ಮನೆ ಪ್ಲಾನಿಗೆ ಫಾಂಟ್ ಆರಿಸೋದು ಹೇಗೆ

ನಮ್ಮ ತುಮಕೂರಲ್ಲಿ 30x40 ಅಡಿ ಸೈಟಿಗೆ ಪ್ಲಾನ್ ಹಾಕೋರು ಗೋಡೆ ಕಿಟಕಿಗೆಲ್ಲ ತಲೆ ಕೆಡಿಸ್ಕೋತಾರೆ, ಅಕ್ಷರ ಮಾತ್ರ ಯಾವ್ದೋ ಒಂದು ಹಾಕಿಬಿಡ್ತಾರೆ. ಆಮೇಲೆ ಬಿಸಿಲಲ್ಲಿ ನಿಂತು ಅದನ್ನ ಓದೋನು ಮೇಸ್ತ್ರಿ ಕಣ್ರೀ!

ಮೊದ್ಲು ಸೈಜು ನೋಡ್ಕೊಳಿ. ಪ್ರಿಂಟಲ್ಲಿ ಅಳತೆ ಅಂಕಿ ಕಮ್ಮಿ ಅಂದ್ರೂ 2.5 ಮಿಮೀ ಎತ್ತರ ಇರ್ಲಿ, ರೂಮಿನ ಹೆಸರು 3.5, ಟೈಟಲ್ಲು 5 ಅಥ್ವಾ 7. ಪ್ಲಾನ್ ಬರೆಯೋ ಸಾಫ್ಟ್‌ವೇರ್ ಆಟೋಕ್ಯಾಡಲ್ಲಿ, ಮಾಡೆಲ್ ಸ್ಪೇಸಲ್ಲಿ (ಅಂದ್ರೆ ಮನೇನ ನಿಜವಾದ ಅಳತೇಲೇ ಬರೆಯೋ ಜಾಗದಲ್ಲಿ) ಮಿಮೀ ಲೆಕ್ಕದಲ್ಲಿ ಬರೀತಿದ್ರೆ ಅದನ್ನ ಸ್ಕೇಲಿಂದ ಗುಣಿಸ್ಬೇಕು, 1:100 ಆದ್ರೆ 2.5 ಹೋಗಿ 250 ಆಗುತ್ತೆ.

ಡ್ರಾಯಿಂಗಿಗೆ ಏರಿಯಲ್ ತರ ಸಾದಾ ಫಾಂಟೇ ಸಾಕು, ಇಲ್ಲಾಂದ್ರೆ ಆಟೋಕ್ಯಾಡಿನದೇ ರೋಮನ್ಸ್ (romans) ಫಾಂಟ್. ಕೈಬರಹದ ತರ ಇರೋವು ಚೆಂದ ನಿಜ, ಆದ್ರೆ 1 ಮತ್ತು 7 ಒಂದೇ ತರ ಕಂಡ್ರೆ ಪಾಯ ತೋಡೋವಾಗ ಗೊತ್ತಾಗುತ್ತೆ ಅದರ ಚೆಂದ.

ಕನ್ನಡ ಹಾಕೋದಾದ್ರೆ ಯೂನಿಕೋಡ್ ಫಾಂಟೇ ಹಾಕಿ (ಫಾಂಟ್ ಬದಲಾದ್ರೂ ಅಕ್ಷರ ಕನ್ನಡವಾಗೇ ಉಳಿಯೋ ತರದ್ದು), ನೋಟೋ ಸ್ಯಾನ್ಸ್ ಕನ್ನಡ ಫ್ರೀಯಾಗೇ ಸಿಗುತ್ತೆ. ನಾನೊಂದ್ಸಲ ಹಳೇ ನುಡಿ ಫಾಂಟಲ್ಲಿ ಮಾಡಿದ ಫೈಲ್ ಹಂಗೇ ತಗೊಂಡು ಪ್ರಿಂಟ್ ಅಂಗಡಿಗೆ ಹೋದೆ, ಅಲ್ಲಿ ಆ ಫಾಂಟ್ ಇರ್ಲಿಲ್ಲ, 'ಅಡುಗೆ ಮನೆ' ಹೋಗಿ ಏನೇನೋ ಇಂಗ್ಲಿಷ್ ಅಕ್ಷರ ಬಂತು. ಅವತ್ತಿಂದ ಪಿಡಿಎಫ್ ಮಾಡಿ ಫಾಂಟ್ ಅದ್ರೊಳಗೇ ಸೇರಿಸ್ಕೊಂಡೇ ಹೋಗೋದು. ಒತ್ತಕ್ಷರ ಕೆಳಗೆ ಇಳಿಯುತ್ತಲ್ಲ, ಅದಕ್ಕೆ ಸಾಲಿನ ಮಧ್ಯೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ.

ಪ್ರೆಸೆಂಟೇಷನ್ ಶೀಟಿಗೆ ಎರಡು ಫಾಂಟ್ ಮೀರಬೇಡಿ. ಫೈನಲ್ ಮಾಡೋ ಮುಂಚೆ ಒಂದು ಎ3 ಪ್ರಿಂಟ್ ತೆಗ್ಸಿ ಗೋಡೆಗೆ ಅಂಟಿಸಿ, ನಾಕಡಿ ದೂರ ನಿಂತು ಓದಿ.