ಗೆಳೆಯರ ಅಂಗಳಕ್ಕೆ ಹೊಂದುವ ಬಸ್ಸು: ಬಸ್‌ಮನೆ ಕಟ್ಟಿ ಹಳ್ಳಿಗಳಲ್ಲಿ ತಂಗುವ ಕ್ರಮ

ಹಳೆಯ ಬಸ್ಸೊಂದನ್ನು ಮನೆಯಾಗಿ ಮಾರ್ಪಡಿಸಿಕೊಂಡು, ಹಳ್ಳಿಗಳಲ್ಲಿರುವ ಗೆಳೆಯರ ತೋಟ, ಕಣ, ಹಿತ್ತಿಲುಗಳಲ್ಲಿ ವಾರಗಟ್ಟಲೆ ತಂಗುತ್ತ ಊರೂರು ಸುತ್ತಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ಬಸ್ಸು ಹುಡುಕುತ್ತಾರೆ, ಆಮೇಲೆ ಮಂಚ, ಅಡುಗೆಕಟ್ಟೆಗಳ ನಕ್ಷೆ ಬರೆಯುತ್ತಾರೆ, ಎಲ್ಲಿ ನಿಲ್ಲಿಸುವುದೆಂಬುದನ್ನು ಕೊನೆಗೆ ಯೋಚಿಸುತ್ತಾರೆ. ನಾವು ದಂಪತಿಗಳೂ ಹಾಗೆಯೇ ಹೊರಟಿದ್ದೆವು. ನಾಲ್ಕು ವರ್ಷ ಈ ಬದುಕು ನಡೆಸಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಈ ಕ್ರಮವನ್ನು ಹಿಂದುಮುಂದು ಮಾಡಬೇಕು: ಬಸ್ಸನ್ನು ಅಳೆಯುವ ಮೊದಲು ಗೆಳೆಯರ ಅಂಗಳವನ್ನು ಅಳೆಯಬೇಕು. ಬಸ್ಸಿನ ಉದ್ದ, ನೀರಿನ ತೊಟ್ಟಿ, ವಿದ್ಯುತ್ತು, ಶೌಚ, ಇವೆಲ್ಲವೂ ಆ ಅಂಗಳವನ್ನು ನೋಡಿಯೇ ತೀರ್ಮಾನವಾಗಬೇಕು.

ಅಂಗಳ ಅಳೆಯುವುದು

ನಿಜವಾಗಿ ಹೋಗಿ ಉಳಿಯಬಹುದಾದ ಐದಾರು ಮನೆಗಳನ್ನು ಪಟ್ಟಿ ಮಾಡಿಕೊಂಡು, ಟೇಪು ಹಿಡಿದು ಬೈಕಿನಲ್ಲಿ ಹೋಗಿ ಬನ್ನಿ. ಗೇಟಿನ ಅಗಲ, ಬದುವಿನ ಪಕ್ಕದ ತಿರುವು, ದಾರಿಯ ಮೋರಿ ಭಾರ ತಡೆಯುವಷ್ಟು ಗಟ್ಟಿಯಾಗಿದೆಯೇ ಎಂಬುದು, ಹಲಸಿನ ಕೊಂಬೆ ಎಷ್ಟು ಕೆಳಗಿದೆ, ಕಂಬದಿಂದ ಮನೆಗೆ ಎಳೆದ ತಂತಿ ಎಷ್ಟು ಜೋತಿದೆ, ಬಂದ ವಾಹನ ತಿರುಗಿಕೊಳ್ಳಲು ಜಾಗವಿದೆಯೇ ಎಂಬುದನ್ನೆಲ್ಲ ಬರೆದುಕೊಳ್ಳಿ. ಟ್ರ್ಯಾಕ್ಟರ್ ಟ್ರೈಲರ್ ಬರುವ ದಾರಿಯಲ್ಲಿ ಬಸ್ಸೂ ಬರುತ್ತದೆ ಎಂದು ಗೆಳೆಯರು ಪ್ರೀತಿಯಿಂದ ಹೇಳುತ್ತಾರೆ. ಆದರೆ ಬಸ್ಸಿನ ಹಿಂದಿನ ಚಕ್ರದಿಂದಾಚೆಗೆ ಚಾಚಿಕೊಂಡಿರುವ ಭಾಗ ತಿರುವಿನಲ್ಲಿ ಹೊರಕ್ಕೆ ಬೀಸಿ ಬೇಲಿಕಂಬಕ್ಕೆ ತಾಗುತ್ತದೆ ಎಂಬುದನ್ನು ಅವರು ಎಣಿಸಿರುವುದಿಲ್ಲ. 12 ಮೀಟರ್ ಉದ್ದ, 2.6 ಮೀಟರ್ ಅಗಲದ ದೊಡ್ಡ ಬಸ್ಸು ಒಳಗೆ ವಿಶಾಲವಾಗಿದ್ದರೂ ಹೆಚ್ಚಿನ ತೋಟದ ದಾರಿಗಳಲ್ಲಿ ಒಳಬರಲಾರದೆ ಊರಾಚೆಯೇ ನಿಲ್ಲುತ್ತದೆ, ಆಗ ಗೆಳೆಯರ ಅಂಗಳದಲ್ಲಿ ಇರುವುದೆಂಬ ಉದ್ದೇಶವೇ ಹೋಯಿತು. ಸುಮಾರು 7 ಮೀಟರ್ ಉದ್ದದ ಮಿನಿ ಬಸ್ಸು ಇಬ್ಬರಿಗೆ ಸಾಕು. ಆಗುಂಬೆ ಘಾಟಿಯಂಥ ಕಡಿದಾದ ತಿರುವುಗಳಲ್ಲಿ ಮಿನಿ ಬಸ್ಸುಗಳೇ ಓಡುತ್ತವೆ ಎಂಬುದನ್ನೂ ಮಲೆನಾಡಿನ ಗೆಳೆಯರಿರುವವರು ನೆನಪಿಡಬೇಕು.

ಬಸ್ಸು ಮತ್ತು ಕಾಗದಪತ್ರ

ಸಾರಿಗೆ ನಿಗಮದ ಕೆಂಪು ಬಸ್ಸನ್ನೇ ಕೊಳ್ಳಬೇಕೆಂಬ ಆಸೆ ಹಲವರಿಗಿದೆ. ಆದರೆ 2023ರ ಏಪ್ರಿಲ್ 1ರಿಂದ ಸರ್ಕಾರ ಮತ್ತು ಸರ್ಕಾರಿ ನಿಗಮಗಳ ಒಡೆತನದ, 15 ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಅವು ಗುಜರಿಗೇ ಹೋಗಬೇಕು. 2020ರಲ್ಲಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾರ್ಪಡಿಸಿ ನಿಲ್ಲಿಸಿದ್ದನ್ನು ಕಂಡವರಿಗೆ ಅಂಥದ್ದೇ ಬಸ್ಸು ತಮಗೂ ಸಿಗಬಹುದೆನಿಸುವುದು ಸಹಜ. ನಿಂತಲ್ಲೇ ಇರುವ ಬಸ್ಸಿಗೆ ಅದು ಸಾಧ್ಯ, ರಸ್ತೆಗಿಳಿಯಬೇಕಾದ ಬಸ್ಸಿಗೆ ಅಲ್ಲ. ಆದ್ದರಿಂದ ಶಾಲೆ ಅಥವಾ ಕಾರ್ಖಾನೆಯ ಓಡಾಟಕ್ಕಿದ್ದ, ಆರೇಳು ವರ್ಷ ಹಳೆಯ ಖಾಸಗಿ ವಾಹನವನ್ನು ನೋಡಿ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಓಡಿದ ಬಸ್ಸಾದರೆ ಉಪ್ಪುಗಾಳಿಗೆ ಚಾಸಿಯೂ ಮೆಟ್ಟಿಲಿನ ಕೆಳಭಾಗವೂ ತುಕ್ಕು ಹಿಡಿದಿರುವ ಸಂಭವ ಹೆಚ್ಚು. ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು, ಸುತ್ತಿಗೆಯಿಂದ ತಟ್ಟಿ ನೋಡದೆ ಮುಂಗಡ ಕೊಡಬೇಡಿ.

ಸೀಟು ಕಳಚುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗುವುದು ಅತ್ಯಗತ್ಯ. ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಮೋಟಾರು ಕ್ಯಾರವಾನುಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನಕವಿದೆ. ಆದ್ದರಿಂದ ಆ ಕೆಲಸದ ಅನುಭವವಿರುವ ಬಾಡಿ ಕಟ್ಟುವವರಲ್ಲಿಯೇ ಕೆಲಸ ಮಾಡಿಸಿ, ನೋಂದಣಿ ಪತ್ರದಲ್ಲಿ ವರ್ಗ ಮತ್ತು ಸೀಟಿನ ಸಂಖ್ಯೆ ಬದಲಾಯಿಸಿಕೊಂಡು, ಅದನ್ನೇ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಇದರಲ್ಲಿ ಎರಡು ಮೂರು ತಿಂಗಳು ಕಳೆದರೂ ಬೇಸರಿಸಬಾರದು, ಏಕೆಂದರೆ ದಾಖಲೆ ಸರಿಯಿಲ್ಲದ ವಾಹನ ಗೆಳೆಯರ ಜಮೀನಿನಲ್ಲಿ ನಿಂತಾಗ ಪೊಲೀಸರ ಪ್ರಶ್ನೆಗೆ ಅವರೂ ಉತ್ತರ ಹೇಳಬೇಕಾಗುತ್ತದೆ.

ಒಳಗಿನ ಕೆಲಸ

ಬಯಲುಸೀಮೆಯ ಬೇಸಿಗೆಯಲ್ಲಿ ತಗಡಿನ ಚಾವಣಿ ಕಾದ ಹೆಂಚಾಗುತ್ತದೆ. ಚಾವಣಿಗೆ ಒಳಗಿನಿಂದ ಸುಮಾರು 50 ಮಿಲಿಮೀಟರ್ ದಪ್ಪದ ಫೋಮ್ ಹೊದಿಸಿ, ಹೊರಗಿನಿಂದ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿಸುವುದಕ್ಕೆ ಖರ್ಚು ಮಾಡಿ. ಮಂಚ, ಕಪಾಟುಗಳನ್ನು ಆಮೇಲೂ ಮಾಡಿಸಬಹುದು. ಮಲೆನಾಡಿನ ಮಳೆಗಾಲದಲ್ಲಿ ತೊಂದರೆ ಬೇರೆಯದು: ಗೋಡೆ, ಹಾಸಿಗೆ, ಚರ್ಮದ ಚೀಲಗಳಿಗೆಲ್ಲ ಬೂಷ್ಟು ಹಿಡಿಯುತ್ತದೆ. ಮಂಚದ ಹಲಗೆಗಳ ನಡುವೆ ಸಂದು ಬಿಡಿಸಿ, ಚಾವಣಿಯಲ್ಲಿ ಮಳೆ ಬಂದರೂ ತೆರೆದಿಡಬಹುದಾದ ಗಾಳಿಗಿಂಡಿ ಇರಿಸಿ.

ವಿದ್ಯುತ್ತಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಗೆಳೆಯರಿಗೆ ನಮಗರಿವಿಲ್ಲದೆಯೇ ನಷ್ಟ ಮಾಡುವುದು ಇಲ್ಲಿಯೇ. ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಮಿತಿ ನಿಗದಿಯಾಗಿದೆ. ನೀವು ಒಂದು ವೈರು ಎಳೆದು ತಿಂಗಳೆಲ್ಲ ಫ್ರಿಜ್ಜು, ಇಂಡಕ್ಷನ್ ಒಲೆ ಓಡಿಸಿದರೆ ಮಿತಿ ಮೀರಿದ ಯೂನಿಟ್ಟುಗಳಿಗೆ ಮನೆಯವರು ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ಅವರ ಮೇಲೆ ಬೀಳುತ್ತದೆ. ಅವರು ಸಂಕೋಚದಿಂದ ಹೇಳುವುದಿಲ್ಲ. ಪಂಪ್‌ಸೆಟ್ಟಿನ ಲೈನಿನಿಂದ ತೆಗೆದುಕೊಳ್ಳುವುದಂತೂ ಸರಿಯೇ ಅಲ್ಲ, ಅದು ನೀರಾವರಿಗೆಂದೇ ಕೊಟ್ಟದ್ದು. ಆದುದರಿಂದ ಚಾವಣಿಯ ಮೇಲೆ 400 ವಾಟ್ ಸೌರಫಲಕ ಹಾಕಿಸಿ. ಬಿಸಿಲಿನ ದಿನದಲ್ಲಿ ಅದರಿಂದ ಸುಮಾರು ಒಂದೂವರೆ ಯೂನಿಟ್ ಸಿಗುತ್ತದೆ. ಬ್ಯಾಟರಿಯಿಂದ ನೇರವಾಗಿ ಓಡುವ ಚಿಕ್ಕ ಡಿಸಿ ಫ್ರಿಜ್ಜಿಗೆ ಅರ್ಧ ಯೂನಿಟ್, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ 28 ವಾಟಿನ ಎರಡು ಬಿಎಲ್‌ಡಿಸಿ ಫ್ಯಾನು ಹತ್ತು ಗಂಟೆ ತಿರುಗಲು ಮತ್ತೂ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು, ದೀಪ, ಫೋನು, ಲ್ಯಾಪ್‌ಟಾಪುಗಳಿಗೆ ಉಳಿದದ್ದು ಸಾಲುತ್ತದೆ. 12.8 ವೋಲ್ಟಿನ 200 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಎರಡೂವರೆ ಯೂನಿಟ್ ಹಿಡಿಯುವುದರಿಂದ ಒಂದು ಮೋಡದ ದಿನವನ್ನು ದಾಟಬಹುದು. ಅಡಿಕೆ ತೋಟದ ನೆರಳಿನಲ್ಲಿ ಚಾವಣಿಯ ಫಲಕ ನಿರುಪಯೋಗಿಯಾದ್ದರಿಂದ ಬಿಸಿಲಿದ್ದಲ್ಲಿಗೆ ಒಯ್ದು ಇಡಬಹುದಾದ ಬಿಡಿ ಫಲಕ ಒಂದನ್ನೂ ಉದ್ದನೆಯ ಕೇಬಲನ್ನೂ ಇಟ್ಟುಕೊಳ್ಳಿ. ಜನರೇಟರ್ ಬೇಡ, ಸಂಜೆಯ ಹಳ್ಳಿಯಲ್ಲಿ ಅದರ ಸದ್ದು ನಾಲ್ಕು ಮನೆಗೆ ಕೇಳುತ್ತದೆ.

ನೀರನ್ನು ಮಿತವಾಗಿ ಬಳಸುವ ಇಬ್ಬರಿಗೆ ದಿನಕ್ಕೆ 40 ಲೀಟರ್ ಸಾಕಾಗುತ್ತದೆ, 250 ಲೀಟರಿನ ತೊಟ್ಟಿ ಆರು ದಿನ ಬರುತ್ತದೆ. ಅದು 250 ಕಿಲೋ ಭಾರವೂ ಹೌದು. ತೊಟ್ಟಿಯನ್ನು ಹಿಂದಿನ ಆಕ್ಸಲಿನ ಮುಂದೆ ಒಂದು ಬದಿಗೂ ಬ್ಯಾಟರಿಗಳನ್ನು ಎದುರು ಬದಿಗೂ ಇಟ್ಟು, ಎಲ್ಲ ತುಂಬಿಸಿ, ವೇಬ್ರಿಡ್ಜಿನಲ್ಲಿ ತೂಗಿಸಿ ನೋಡಿ. ಎರಡು ದಿನಕ್ಕೊಮ್ಮೆ ಒಂದು ಗಂಟೆ ನಲ್ಲಿ ನೀರು ಬರುವ ಊರಿನಲ್ಲಿ ಆ ನೀರಿಗೆ ಪೈಪು ಹಾಕಬೇಡಿ, ತೋಟಕ್ಕೆ ಮೋಟಾರು ಓಡುವ ಹೊತ್ತಿನಲ್ಲಿ ಕೇಳಿ ತುಂಬಿಸಿಕೊಳ್ಳಿ. ಪಾವಗಡ, ಕೋಲಾರದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದಲೇ ಕ್ಯಾನು ತನ್ನಿ. ಸ್ನಾನದ ನೀರು ಬಾಳೆಯ ಬುಡಕ್ಕೆ ಹೋಗಬಹುದು, ಸಾಬೂನು ಕಡಿಮೆಯಿರಲಿ.

ಶೌಚಕ್ಕೆ ಮೂತ್ರವನ್ನು ಬೇರ್ಪಡಿಸುವ ಒಣ ವ್ಯವಸ್ಥೆಯೇ ಉತ್ತಮ. ಪ್ರತಿ ಸಲ ಒಂದು ಹಿಡಿ ಒಣಗಿದ ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಹಾಕಿದರೆ ವಾಸನೆ ಬರುವುದಿಲ್ಲ. ತುಂಬಿದ್ದನ್ನು ಬಾವಿಯಿಂದ ದೂರ ಗುಂಡಿ ತೋಡಿ, ಕನಿಷ್ಠ ಒಂದು ವರ್ಷ ಮುಚ್ಚಿಡಬೇಕು. ಇದನ್ನು ಎಲ್ಲ ಮನೆಯವರೂ ಒಪ್ಪುವುದಿಲ್ಲ, ಒಪ್ಪದ ಕಡೆ ಅವರ ಶೌಚಾಲಯವನ್ನೇ ಬಳಸಿ, ಅದನ್ನು ತೊಳೆಯುವ ಕೆಲಸದಲ್ಲಿ ಪಾಲು ತೆಗೆದುಕೊಳ್ಳಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ 5 ಕಿಲೋ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ಗಿಂಡಿ ಇರಲೇಬೇಕು.

ಕಾಲ ನೋಡಿ ಹೋಗುವುದು

ಗೆಳೆಯರು ಯಾವಾಗ ಬೇಕಾದರೂ ಬನ್ನಿ ಎನ್ನುತ್ತಾರೆ, ಆದರೆ ಜಮೀನು ಹಾಗೆನ್ನುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರದುರ್ಗ, ತುಮಕೂರಿನ ಒಣ ಕಡೆಗಳಲ್ಲಿರುವುದೇ ಲೇಸು. ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಅಂಗಳವೇ ಅಡಿಕೆ ಒಣಗಿಸುವ ಜಾಗವಾಗಿರುತ್ತದೆ, ಅಲ್ಲಿ ಬಸ್ಸಿನ ನೆರಳು ಬಿದ್ದರೂ ತೊಂದರೆ. ಹಿತ್ತಿಲಿನ ಮೂಲೆ ಕೇಳಿಕೊಂಡು, ಹಗಲು ಅಡಿಕೆ ಸುಲಿಯುವವರ ಜೊತೆ ಕುಳಿತುಕೊಳ್ಳುವುದಾದರೆ ಮಾತ್ರ ಆಗ ಹೋಗಿ. ಡಿಸೆಂಬರಿನಿಂದ ಮೇ ತನಕ ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನಲ್ಲಿ ತರಗೆಲೆಯ ಮೇಲೆ ಬಸ್ಸು ನಿಲ್ಲಿಸಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಆ ಕಾಲದಲ್ಲಿಯೇ ಹೆಚ್ಚು. ಸುತ್ತಮುತ್ತ ಮಂಗ ಸತ್ತ ಸುದ್ದಿಯಿದ್ದರೆ ಆ ಊರನ್ನು ಬಿಟ್ಟು ಮುಂದೆ ಹೋಗಿ.

ಉತ್ತರ ಕರ್ನಾಟಕದ ಎರೆಭೂಮಿ ಒಣಗಿದಾಗ ಕಲ್ಲಿನಂತಿರುತ್ತದೆ, ಒಂದು ಮಳೆ ಬಿದ್ದರೆ ಚಕ್ರವನ್ನು ನುಂಗುತ್ತದೆ. ಗದಗ ಜಿಲ್ಲೆಯ ಗೆಳೆಯರ ಹೊಲದಲ್ಲಿ ಡಿಸೆಂಬರಿನ ಅಕಾಲಿಕ ಮಳೆಗೆ ನಮ್ಮ ಬಸ್ಸು ಆಕ್ಸಲಿನವರೆಗೆ ಹೂತುಹೋಗಿತ್ತು. ಪಕ್ಕದವರ ಟ್ರ್ಯಾಕ್ಟರು ಎಳೆದು ಮೇಲೆ ತರುವಷ್ಟರಲ್ಲಿ ಮೂರು ಸಾಲು ಕಡಲೆ ಹಾಳಾಗಿತ್ತು. ಹಣ ಕೊಟ್ಟರೆ ಅವರು ತೆಗೆದುಕೊಳ್ಳಲಿಲ್ಲ, ಕಡಲೆ ಕೀಳುವಾಗ ಹೋಗಿ ನಾಲ್ಕು ದಿನ ಕೆಲಸ ಮಾಡಿ ಬಂದೆವು. ಅಂದಿನಿಂದ ಮೊರಂ ಹಾಕಿದ ದಾರಿಯನ್ನು ಬಿಟ್ಟು ಕೆಳಗಿಳಿಯುವುದಿಲ್ಲ; ಎರಡು ದಪ್ಪ ಹಲಗೆ, ಸರಪಳಿ, ಗೋಣಿಚೀಲಗಳನ್ನು ಸದಾ ಇಟ್ಟುಕೊಂಡಿದ್ದೇವೆ. ಹಳೆ ಮೈಸೂರಿನ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಯ ಮೇಲೆ ಹರಡುತ್ತಾರೆ. ಹುರುಳಿಯ ಬಳ್ಳಿ ಆಕ್ಸಲಿಗೂ ಸೈಲೆನ್ಸರಿಗೂ ಸುತ್ತಿಕೊಂಡು ಬೆಂಕಿ ಹೊತ್ತಿಕೊಂಡ ಉದಾಹರಣೆಗಳಿವೆ. ಅದನ್ನು ದಾಟಿದ ಮೇಲೆ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದನ್ನು ಕಿತ್ತು ಹಾಕಿ.

ಒಲೆ ಹೊತ್ತಿಸುವ ಪ್ರಶ್ನೆ

ನೀವು ನಿಮ್ಮ ಬಸ್ಸಿನಲ್ಲಿ ಅಡುಗೆ ಮಾಡಿಕೊಳ್ಳುವುದು ನಿಮಗೆ ಸ್ವಾವಲಂಬನೆಯಾಗಿ ಕಂಡರೆ, ಮನೆಯ ಹಿರಿಯರಿಗೆ ಅದು ಅವಮಾನವಾಗಿ ಕಾಣಬಹುದು. ‘ನಮ್ಮ ಮನೇಲಿ ಒಂದು ತುತ್ತು ಅನ್ನ ಇಲ್ವೇನಪ್ಪ’ ಎಂದು ಗೆಳೆಯನ ತಾಯಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಮೂರು ಹೊತ್ತೂ ಅವರಲ್ಲಿಯೇ ಉಂಡರೆ ಮನೆಯ ಹೆಂಗಸರ ಮೇಲೆ ಬೀಳುವ ಭಾರ ಕಡಿಮೆಯದಲ್ಲ. ನಾವು ಕಂಡುಕೊಂಡ ದಾರಿ ಹೀಗಿದೆ: ಬಂದ ದಿನ ಎರಡು ಹೊತ್ತೂ ಅವರಲ್ಲೇ ಊಟ, ಮರುದಿನ ರಾತ್ರಿ ಅವರೆಲ್ಲರಿಗೂ ನಮ್ಮಲ್ಲಿ ಊಟ, ಚಾಪೆ ಹಾಸಿ ಬಸ್ಸಿನ ಹೊರಗೆ, ಆಮೇಲೆ ಬೆಳಗಿನ ತಿಂಡಿ ನಮ್ಮಲ್ಲಿ, ರಾತ್ರಿಯ ಊಟ ಅವರಲ್ಲಿ, ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದರಲ್ಲಿ ನಮ್ಮಿಬ್ಬರ ಕೈಯೂ ಇರುತ್ತದೆ. ಅಮ್ಮನಿಗೆ ಇದನ್ನು ಮೊದಲ ಸಂಜೆಯೇ ಬಿಡಿಸಿ ಹೇಳಿದರೆ ಬೇಸರವಾಗುವುದಿಲ್ಲ.

ಋಣ ತೀರಿಸಲು ಹಣ ಕೊಡಬೇಡಿ, ದಾರಿಯಲ್ಲಿ ಸಿಗುವ ಪದಾರ್ಥ ತನ್ನಿ. ಕಲಬುರಗಿಯ ತೊಗರಿಬೇಳೆಯನ್ನು ಸಾಗರದ ಮನೆಗೆ, ಸಾಗರದ ಜೋನಿಬೆಲ್ಲವನ್ನು ಕಲಬುರಗಿಯ ಮನೆಗೆ ಒಯ್ದು ಕೊಟ್ಟಾಗ ಅವರಿಗಾಗುವ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂದೂ ಭೇಟಿಯಾಗದ ಎರಡು ಮನೆಗಳು ಈಗ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತವೆ. ವಯಸ್ಸಾದವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ಬಸ್ಸು ನೆರವಾಗಲಿ, ಆದರೆ ಖಾಸಗಿ ಬಳಕೆಗೆ ನೋಂದಾಯಿಸಿದ ವಾಹನದಲ್ಲಿ ಬಾಡಿಗೆ ಪಡೆಯುವಂತಿಲ್ಲ. ಗೋಮಾಳ, ನಾಗಬನ, ದೇವಸ್ಥಾನದ ಜಾಗಗಳಲ್ಲಿ ಕೇಳದೆ ನಿಲ್ಲಿಸಬೇಡಿ. ಹತ್ತು ದಿನಕ್ಕಿಂತ ಹೆಚ್ಚು ಇರುವುದಾದರೆ ಗೆಳೆಯರ ಜೊತೆ ಹೋಗಿ ಪಂಚಾಯಿತಿ ಸದಸ್ಯರಿಗೂ ಠಾಣೆಗೂ ತಿಳಿಸಿ ಬನ್ನಿ.

ಹೊರಡುವ ಮುನ್ನಾದಿನ ಚಕ್ರ ನಿಂತಿದ್ದ ಗುಂಡಿಗಳನ್ನು ಮಣ್ಣು ತುಂಬಿ ತುಳಿದು ಸಮ ಮಾಡಿ, ಎಣ್ಣೆ ಸೋರಿದ್ದರೆ ಆ ಮಣ್ಣನ್ನು ಕೆತ್ತಿ ಚೀಲಕ್ಕೆ ಹಾಕಿಕೊಳ್ಳಿ, ಮುಂದಿನ ವರ್ಷ ಯಾವ ತಿಂಗಳಲ್ಲಿ ಅಂಗಳ ಖಾಲಿಯಿರುತ್ತದೆ ಎಂದು ಕೇಳಿ ಬರೆದುಕೊಳ್ಳಿ.