ಅತ್ತೆಗೊಂದು ಹೆಸ್ಪೆಡ್

ಅತ್ತೆ ತೀರಿಕೊಂಡದ್ದು ಮಂಗಳವಾರ ರಾತ್ರಿ, ನ್ಯೂಜೆರ್ಸಿಯಲ್ಲಿ. ಯಹೂದಿಗಳು ಮಣ್ಣು ಮಾಡುವುದನ್ನು ಮುಂದೂಡುವುದಿಲ್ಲ. ಗುರುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಹೆಸ್ಪೆಡ್, ಅಂದರೆ ಹೋದವರನ್ನು ಕುರಿತು ಆಡುವ ಮಾತು, ಧಾರವಾಡದ ಈ ಸೊಸೆಯ ಪಾಲಿಗೆ ಬಂತು. ಗಂಡನಿಗೆ ದುಃಖದಲ್ಲಿ ಮಾತೇ ಹೊರಡುತ್ತಿರಲಿಲ್ಲ. ಯಹೂದಿ ಪಂಚಾಂಗದ ನಿಸಾನ್ ತಿಂಗಳಾಗಿದ್ದರೆ ಸಂಪ್ರದಾಯದಂತೆ ಹೆಸ್ಪೆಡ್ ಹೇಳುವುದಿಲ್ಲವಂತೆ. ಆ ಅದೃಷ್ಟವೂ ನನಗಿರಲಿಲ್ಲ.

ಬುಧವಾರ ಬೆಳಗಿನ ಜಾವ ಎರಡು ಪುಟ ಬರೆದೆ. ಕರುಣಾಮಯಿ, ತ್ಯಾಗಜೀವಿ, ಮಮತೆಯ ಮಡಿಲು. ಸತ್ತ ಎಮ್ಮೆಗೆ ಹಾಲು ಹೆಚ್ಚು ಎನ್ನುತ್ತಾರಲ್ಲ, ಹಾಗೆ. ಫೋನಿನಲ್ಲಿ ಕೇಳಿಸಿಕೊಂಡ ರಬ್ಬಿ, ಅಂದರೆ ಯಹೂದಿ ಧರ್ಮಗುರು, "ನಿಮ್ಮಿಬ್ಬರಿಗೂ ಯಾವುದಕ್ಕೆ ಜಗಳವಾಗುತ್ತಿತ್ತು?" ಎಂದರು. ಆಮೇಲೆ ನಿಯಮ ಹೇಳಿದರು: 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಧರ್ಮಸಂಹಿತೆ 'ಶುಲ್ಹಾನ್ ಆರುಖ್' ಪ್ರಕಾರ, ಇದ್ದ ಗುಣವನ್ನು ಹೇಳಬೇಕು, ಅದಕ್ಕೆ ಚೂರು ಸೇರಿಸಬಹುದು. ಅತಿಯಾಗಿ ಹೊಗಳಿದರೆ ಹೇಳಿದವರಿಗೂ ಕೇಡು, ಸತ್ತವರಿಗೂ ಕೇಡು. ಉಪ್ಪಿನ ಲೆಕ್ಕ ಅನ್ನಿಸಿತು.

ಎರಡೂ ಪುಟ ಹರಿದು ಹಾಕಿ ಅತ್ತೆಯ ಅಡುಗೆಮನೆಗೆ ಹೋಗಿ ಕುಳಿತೆ. ಕಿಟಕಿಯ ಕಟ್ಟೆಯ ಮೇಲೆ ನೀಲಿ-ಬಿಳಿ ತಗಡಿನ ಡಬ್ಬಿ ಇತ್ತು, ಮುಚ್ಚಳದಲ್ಲಿ ನಾಣ್ಯ ತೂರುವಷ್ಟು ಸೀಳು. ಅದು ದಾನದ ಡಬ್ಬಿ. ಪ್ರತಿ ಶುಕ್ರವಾರ, ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಮೇಣದಬತ್ತಿ ಹಚ್ಚುವ ಮೊದಲು ಅತ್ತೆ ಅದಕ್ಕೆ ಚಿಲ್ಲರೆ ಹಾಕುತ್ತಿದ್ದರು. ಜಗಳವೂ ಚಿಲ್ಲರೆಯದೇ. ಒಮ್ಮೆ ಹೂಕೋಸಿಗೆ ನಲವತ್ತು ಸೆಂಟು ಹೆಚ್ಚು ಬಿಲ್ಲಾಗಿದೆ ಎಂದು ಮನೆ ಹತ್ತಿರ ಬಂದಿದ್ದ ಕಾರನ್ನು ಮತ್ತೆ ಅಂಗಡಿಗೆ ತಿರುಗಿಸಲು ಹೇಳಿದ್ದರು. ಜಿಪುಣತನ ಎಂದು ನಾನು ಹಿಂದಿನ ಸೀಟಿನಲ್ಲಿ ಕುದಿಯುತ್ತಿದ್ದೆ. ಸಂಜೆ ಆ ನಲವತ್ತು ಸೆಂಟೂ ಡಬ್ಬಿಯೊಳಗೆ ಟಣ್ಣೆಂದಿತು. "ಅಂಗಡಿಯವನು ದಾನ ಮಾಡುತ್ತಿದ್ದನೇ?" ಎಂದು ಕೇಳಿದ್ದರು.

ಇದನ್ನೊಂದನ್ನೇ ಬರೆದೆ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬೈದುಕೊಂಡೇ ಬರೆದದ್ದರಿಂದ ವಿಶೇಷಣಗಳು ತಾವಾಗಿಯೇ ಉದುರಿದವು. ನಾಲ್ಕು ನಿಮಿಷದ ಮಾತು, ದೊಡ್ಡ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ. ಕೈ ನಡುಗಿದರೂ ಓದಲು ಬರಬೇಕಲ್ಲ.

ಗುರುವಾರ, ಬಣ್ಣ ಬಳಿಯದ ಮರದ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಓದಿದೆ. "ಅಂದು ಹಿಮ ಸುರಿಯುತ್ತಿತ್ತು" ಎಂದೆ. ಆ ಹೂಕೋಸಿನ ದಿನ ನಿಜಕ್ಕೂ ಸುರಿಯುತ್ತಿದ್ದದ್ದು ಜಿಟಿಜಿಟಿ ಮಳೆ. ಆ ದಿನ ಕಾರು ಓಡಿಸಿದ್ದವನು ಗಂಡ. ಶೋಕದ ಗುರುತಾಗಿ ಎದೆಯ ಎಡಭಾಗದಲ್ಲಿ ಹರಿದ ಕಪ್ಪು ಪಟ್ಟಿ ಧರಿಸಿ ಮೊದಲ ಸಾಲಿನಲ್ಲಿ ಕುಳಿತಿದ್ದ. ಹಿಮ ಎಂದದ್ದೇ ತಡ, ತಲೆಯೆತ್ತಿ ನನ್ನನ್ನು ನೋಡಿದ. ಎರಡು ದಿನಗಳಲ್ಲಿ ಮೊದಲ ಸಲ ಅವನ ತುಟಿ ಒಂದಿಷ್ಟು ಅಲುಗಿತು.