ಮಾರುತಿ 800ರ ಕ್ಲಚ್: ಗೇರ್‌ಬಾಕ್ಸ್ ಮೂರು ಸಲ ಇಳಿಸಿದ ಕಥೆ

ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೊರಟಿದ್ದೆವು. ಘಾಟಿಯ ಅರ್ಧ ಏರಿನಲ್ಲಿ ಎಂಜಿನ್ ಕಿರುಚಿತು, ಗಾಡಿ ಮಾತ್ರ ತೆವಳಿತು. ಹಿಂದೆಯೇ ಸುಟ್ಟ ವಾಸನೆ. ಹೆಂಡತಿ ಕೇಳಿದ್ದು ಒಂದೇ ಮಾತು: "ಮತ್ತೆ ಅದೇನಾ?"

ಹೌದು, ಮತ್ತೆ ಅದೇ, ಕ್ಲಚ್ ಜಾರುತ್ತಿತ್ತು. 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಒಂದು ವರ್ಷದೊಳಗೆ ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ಎರಡು ಸಲ ಕ್ಲಚ್ ಪ್ಲೇಟ್ (ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ತಟ್ಟೆ) ಹಾಕಿಸಿದ್ದೆ. ಮೊದಲನೆಯದು ಐದು ತಿಂಗಳು ಬಂತು, ಎರಡನೆಯದು ನಾಲ್ಕು. ಪ್ರತಿ ಸಲ ಐದು ಸಾವಿರದ ಆಚೀಚೆ ಬಿಲ್. ಮೇಲೆ ಉಪದೇಶ ಬೇರೆ: "ನೀವು ಕ್ಲಚ್ ಮೇಲೆ ಕಾಲಿಟ್ಟೇ ಓಡಿಸ್ತೀರಿ." ಇಪ್ಪತ್ತೆರಡು ವರ್ಷದಿಂದ ಗಾಡಿ ಓಡಿಸುವವನಿಗೆ ಈ ಮಾತು! ಮೂರನೇ ಸಲ ದುಡ್ಡು ಕೊಡಲು ಮನಸ್ಸು ಬರಲಿಲ್ಲ. ನಾನೇ ಇಳಿಸುತ್ತೇನೆ ಅಂದೆ. ಅಣ್ಣ ನಕ್ಕ. "ಪಿಟ್ ಇಲ್ಲ, ಲಿಫ್ಟ್ ಇಲ್ಲ, ಅಂಗಳದಾಗ ಮಲ್ಕೊಂಡು ಗೇರ್‌ಬಾಕ್ಸ್ ಇಳಸ್ತಾನಂತ. ಗುಜರಿಗೆ ಹಾಕಲೇ ಅದನ್ನ."

ಮೊದಲು ರೋಗ ಯಾವುದೆಂದು ಖಚಿತ ಮಾಡಿಕೊಂಡೆ. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದು, ನಾಲ್ಕನೇ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟೆ. ಎಂಜಿನ್ ಗಕ್ಕನೆ ಬಂದ್ ಆಗಬೇಕು. ನನ್ನದು ಆರಾಮಾಗಿ ಗುರ್ ಅನ್ನುತ್ತಲೇ ಇತ್ತು. ಇದನ್ನು ಒಂದು ಸಲ ಮಾಡಿದರೆ ಸಾಕು, ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ. ಪೆಡಲ್ ಪ್ಲೇ, ಅಂದರೆ ಒತ್ತಿದಾಗ ಮೊದಲು ಸುಮ್ಮನೆ ಹೋಗುವ ದೂರ, ಎರಡು ಸೆಂಟಿಮೀಟರ್ ಹತ್ತಿರ ಇತ್ತು, ಅಂದರೆ ಕೇಬಲ್ ಬಿಗಿಯಾಗಿ ಹೀಗಾಗಿದ್ದಲ್ಲ. ಆದರೂ ಆಸೆ ನೋಡಿ, 250 ರೂಪಾಯಿ ಕೊಟ್ಟು ಹೊಸ ಕೇಬಲ್ ಹಾಕಿದೆ. ದಂಡ. ಹಳೆಯದನ್ನು ಈಗ ಬಟ್ಟೆ ಒಣಹಾಕಲು ಕಟ್ಟಿದ್ದೇವೆ.

ಮೇ ತಿಂಗಳು. ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ಲ, ಹತ್ತು ಗಂಟೆಗೆ ಸ್ಪ್ಯಾನರ್ ಕೈ ಸುಡುತ್ತದೆ. ಬೆಳಗ್ಗೆ ಐದೂವರೆಗೆ ಶುರು ಮಾಡಿ ಒಂಬತ್ತೂವರೆಗೆ ನಿಲ್ಲಿಸುತ್ತಿದ್ದೆ. ಮುಂದಿನ ಭಾಗವನ್ನು ಜಾಕ್ ಮೇಲೆತ್ತಿ, ಹಳೆಯ ರೈಲ್ವೆ ಸ್ಲೀಪರ್ ತುಂಡುಗಳ ಮೇಲೆ ಕೂರಿಸಿದೆ. ಇಟ್ಟಿಗೆ ನಂಬಬೇಡಿ, ಪುಡಿಯಾಗುತ್ತದೆ. ಎಂಜಿನ್ ಹಿಡಿಯಲು ಬೋರ್‌ವೆಲ್ಲಿನ ಜಿಐ ಪೈಪನ್ನು ಎರಡೂ ಮಡ್‌ಗಾರ್ಡ್ ಮೇಲೆ ಅಡ್ಡ ಇಟ್ಟು ಹಗ್ಗದಿಂದ ತೂಗುಹಾಕಿದೆ. ಪೈಪಿನ ಕೆಳಗೆ ಹಲಗೆ ಕೊಡುವುದು ಮರೆತೆ. ಎಡ ಮಡ್‌ಗಾರ್ಡ್ ಮೇಲೆ ಆ ತಗ್ಗು ಇವತ್ತಿಗೂ ಇದೆ.

ಉಳಿದ ಬಿಚ್ಚುವ ಕೆಲಸದ ವಿವರ ಇಲ್ಲಿ ಬೇಡ. ಒಂದೇ ಮಾತು, ಗೇರ್‌ಬಾಕ್ಸ್ ಎಂಜಿನ್ನಿನಿಂದ ನೇರವಾಗಿ ಪಕ್ಕಕ್ಕೆ ಬರಬೇಕು. ಅರ್ಧ ಎಳೆದು ಅದರ ಭಾರವನ್ನು ಸ್ಪ್ಲೈನ್ (ಪ್ಲೇಟಿನ ನಡುವೆ ತೂರುವ ಹಲ್ಲಿನ ದಂಡ) ಮೇಲೆ ಜೋತುಬಿಟ್ಟರೆ ಪ್ಲೇಟ್ ಬಾಗುತ್ತದೆ. ಒಬ್ಬನೇ ಅದನ್ನು ಹೇಗೆ ಹಿಡಿದೆ, ವಾಪಸ್ ಏರಿಸುವಾಗ ಹೇಗೆ ಸಾಲಿಗೆ ತಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ಬೆಳಗ್ಗೆ ಬೆನ್ನು ಮುರಿದುಕೊಂಡಿದ್ದೇನೆ. ಮನೆಗೆ ಬಂದರೆ ತೋರಿಸುತ್ತೇನೆ.

ಪ್ಲೇಟ್ ಕೈಗೆ ಬಂದಾಗ ಅಸಲು ಕಥೆ ತಿಳಿಯಿತು. ಲೈನಿಂಗ್, ಅಂದರೆ ಪ್ಲೇಟಿನ ಉಜ್ಜುವ ಪಟ್ಟಿ, ರಿವೆಟ್ ಮಟ್ಟಕ್ಕೆ ಸವೆದೇ ಇರಲಿಲ್ಲ! ಎಣ್ಣೆ ಕುಡಿದು ಕಪ್ಪಗೆ ಮಿರುಗುತ್ತಿತ್ತು. ಗ್ಯಾರೇಜಿನವರು ಎರಡು ಸಲವೂ ಪ್ಲೇಟ್ ಬದಲಿಸಿದ್ದರು, ಎಣ್ಣೆ ಎಲ್ಲಿಂದ ಬಂತು ಅಂತ ನೋಡಿರಲಿಲ್ಲ. ಗೇರ್ ಆಯಿಲ್ ಆದರೆ ಗಂಧಕದ ನಾತ ಹೊಡೆಯುತ್ತದೆ. ಇದು ತೆಳು, ಕಪ್ಪು, ಎಂಜಿನ್ ಆಯಿಲ್. ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ ತುದಿಯ ಭಾರದ ಚಕ್ರ, ಫ್ಲೈವೀಲ್ ಬಿಚ್ಚಿದೆ. ಅದರ ಹಿಂದೆ ನಡುವಿನಿಂದ ಅಂಚಿಗೆ ಎಣ್ಣೆಯ ಗೆರೆಗಳು, ಸೂರ್ಯನ ಕಿರಣ ಬರೆದ ಹಾಗೆ. ಕ್ರ್ಯಾಂಕ್‌ಶಾಫ್ಟ್ ಹಿಂದಿನ ಸೀಲ್, ಎಂಜಿನ್ನಿನ ಮುಖ್ಯ ದಂಡದ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ, ಹೋಗಿತ್ತು. ನೂರೈವತ್ತು ರೂಪಾಯಿ ಸಾಮಾನು. ಅದಕ್ಕಾಗಿ ಹತ್ತು ಸಾವಿರ ಕಳೆದಿದ್ದೆ.

ಹೊಸ ಸೀಲ್, ಜತೆಗೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಸೆಟ್, ಎಲ್ಲ ಸೇರಿ 2,300 ಇರಬೇಕು. ಪ್ಲೇಟ್ ನಡುವಿಗೆ ತರಲು ಬೇವಿನ ಕೋಲಿಗೆ ಇನ್ಸುಲೇಶನ್ ಟೇಪ್ ಸುತ್ತಿ ಗೂಟ ಮಾಡಿದೆ. ಅಂಗಡಿಯ ಟೂಲಿಗಿಂತ ಚೆನ್ನಾಗಿ ಕೂತಿತು, ನಿಜವಾಗಿ. ಏರಿಸಿದೆ, ಸ್ಟಾರ್ಟ್ ಮಾಡಿದೆ, ಕ್ಲಚ್ ಒತ್ತಿದೆ. ಗೇರ್ ಬೀಳಲೇ ಇಲ್ಲ. ಕರಕರ ಅಂತಷ್ಟೇ. ಪ್ಲೇಟನ್ನು ತಿರುಗುಮುರುಗು ಹಾಕಿದ್ದೆ! ಸ್ಪ್ರಿಂಗ್ ಉಬ್ಬಿರುವ ಬದಿ ಗೇರ್‌ಬಾಕ್ಸ್ ಕಡೆ ಇರಬೇಕು, ನಾನು ಫ್ಲೈವೀಲ್ ಕಡೆ ಇಟ್ಟಿದ್ದೆ. ಅಣ್ಣ ಆವತ್ತು ಸಂಜೆ ಮಿರ್ಚಿ ಮಂಡಕ್ಕಿ ತಂದುಕೊಟ್ಟ, ಸಮಾಧಾನ ಮಾಡಲು ಅಲ್ಲ, ನಗಲು.

ಎರಡನೇ ಸಲ ಇಳಿಸಿ ಸರಿಯಾಗಿ ಹಾಕಿದೆ. ಗಾಡಿ ಬೆಣ್ಣೆಯ ಹಾಗೆ ಎದ್ದಿತು. ಆದರೆ ಮೂರೇ ವಾರ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಕವಚ) ಕೆಳಗೆ ಮತ್ತೆ ಕಪ್ಪು ಹನಿ. ಏರಿನಲ್ಲಿ ಜಾರಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಹೊಸ ಸೀಲ್ ಇಷ್ಟು ಬೇಗ ಯಾಕೆ ಸೋರಬೇಕು? ಬೆಳಗ್ಗೆ ಡಿಪ್‌ಸ್ಟಿಕ್ ಎಳೆದರೆ ಪುಸ್ಸ್ ಅಂತ ಗಾಳಿ ಬಂತು. ಅಲ್ಲೇ ಹೊಳೆಯಿತು. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಬಿಚ್ಚಿ ಊದಿದೆ, ಗಾಳಿ ಹೋಗಲೇ ಇಲ್ಲ. ಒಳಗೆ ಗಟ್ಟಿ ಕೆಸರು. ತೋರಣಗಲ್ಲು, ಸಂಡೂರು ಕಡೆ ದಿನಾ ಅದಿರಿನ ಲಾರಿ ಹಿಂದೆ ಓಡಾಡುತ್ತೇನೆ. ಏರ್ ಫಿಲ್ಟರ್ ಡಬ್ಬಿಯೊಳಗೂ ಕುಂಕುಮದಂಥ ಧೂಳು ಕೂತಿತ್ತು, ಪೈಪ್ ಬಾಯಿಯಲ್ಲಿ ಅದೇ ಎಣ್ಣೆಗೆ ಮೆತ್ತಿಕೊಂಡಿತ್ತು. ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಹೊಟ್ಟೆ) ಒಳಗಿನ ಒತ್ತಡಕ್ಕೆ ಹೊರಗೆ ಹೋಗಲು ದಾರಿ ಇಲ್ಲ, ಸೀಲನ್ನೇ ದೂಡುತ್ತಿತ್ತು.

ಮೂರನೇ ಸಲ ಇಳಿಸಿದೆ. ಪೈಪ್ ಹೊಸದು ಹಾಕಿದೆ, 60 ರೂಪಾಯಿ. ಇನ್ನೊಂದೂ ಕಂಡಿತು. ಹಳೆಯ ಸೀಲಿನ ತುಟಿ ಉಜ್ಜಿ ಉಜ್ಜಿ ಕ್ರ್ಯಾಂಕ್ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಹೊಸ ಸೀಲ್ ಅದೇ ಗೆರೆಯಲ್ಲಿ ಕೂತರೆ ಸೋರದೆ ಇನ್ನೇನು? ಈ ಸಲ ಒಂದೂವರೆ ಮಿಲಿಮೀಟರ್ ಆಚೆ ಕೂರಿಸಿದೆ, ತುಟಿ ನುಣುಪಾದ ಜಾಗಕ್ಕೆ ಬರುವ ಹಾಗೆ. ಯಾವ ಮೆಕ್ಯಾನಿಕ್ಕೂ ಹೇಳಿಕೊಟ್ಟದ್ದಲ್ಲ, ನನ್ನ ತಲೆಯದೇ.

ನಡುವೆ ಒಂದು ಹುಚ್ಚೂ ಮಾಡಿದ್ದೆ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು, ಬಯಲಿನಲ್ಲಿಟ್ಟು ಬೆಂಕಿ ಹಚ್ಚಿದೆ. ಎಣ್ಣೆ ಸುಟ್ಟು ಹೋಗುತ್ತದೆ ಅಂತ ಹಳಬರ ಮಾತು. ಹುಬ್ಬು ಸ್ವಲ್ಪ ಸುಟ್ಟಿತು, ಆಯಿಲ್ ಒಳಗೇ ಉಳಿಯಿತು. ಮಾಡಬೇಡಿ. ಇನ್ನೊಂದು ಹಳೆಯ ಪ್ಲೇಟಿಗೆ ಬ್ರೇಕ್ ಶೂ ಮಾಡುವ ಒಬ್ಬರ ಹತ್ತಿರ 350 ರೂಪಾಯಿಗೆ ಲೈನಿಂಗ್ ರಿವೆಟ್ ಹೊಡೆಸಿದೆ. ಎಣ್ಣೆ ತಾಗಿದ ಪ್ಲೇಟಿನ ಜಾಗಕ್ಕೆ ಮೂರನೇ ಸಲ ಹಾಕಿದ್ದು ಅದನ್ನೇ, ದುಡ್ಡು ಮುಗಿದಿತ್ತು. ಮೊದಲ ವಾರ ಎಬ್ಬಿಸುವಾಗ ಗಡಗಡ ನಡುಗುತ್ತಿತ್ತು. ಆಮೇಲೆ ಹೊಂದಿಕೊಂಡಿತು. ಸ್ಪ್ಲೈನಿಗೆ ಗ್ರೀಸ್ ಮಾತ್ರ ಬೆರಳ ತುದಿಯಷ್ಟೇ ಸವರಿದೆ. ಜಾಸ್ತಿ ಹಾಕಿದರೆ ತಿರುಗುವಾಗ ಎಗರಿ ಪ್ಲೇಟಿಗೇ ಬೀಳುತ್ತದೆ.

ಗೇರ್ ಆಯಿಲ್, ಸೀಲ್‌ಗಳು, ಪೆಟ್ರೋಲ್, ದಂಡದ ಕೇಬಲ್ ಎಲ್ಲ ಸೇರಿಸಿದರೂ ನಾಲ್ಕೂವರೆ ಸಾವಿರ ದಾಟಿಲ್ಲ. ಆಮೇಲೆ 14 ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ಕಳೆದ ತಿಂಗಳು ಐದು ಜನ ಕೂತು ಅದೇ ಘಾಟಿ ಏರಿದೆವು, ಎಲ್ಲೂ ಜಾರಲಿಲ್ಲ. ಅಣ್ಣ ಹಿಂದಿನ ಸೀಟಿನಲ್ಲಿ ಸುಮ್ನೆ ಕೂತಿದ್ದ. ಇಳಿದ ಮೇಲೆ ಕೇಳಿದ, ನನ್ನ ಓಮ್ನಿಯದೂ ಒಂಚೂರು ನೋಡ್ತೀಯಾ ಅಂತ.

ನೋಡುತ್ತೇನೆ. ಅದಕ್ಕೂ ಮೊದಲು ನನ್ನ ಗಾಡಿಯ ಎಡ ಡ್ರೈವ್‌ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಂಡ) ಸೀಲ್ ಬದಲಿಸಬೇಕು. ಮೂರು ಸಲ ಎಳೆದು ತಳ್ಳಿ ಅದರ ತುಟಿ ಕತ್ತರಿಸಿದೆ ಅನಿಸುತ್ತದೆ, ರಾತ್ರಿಗೊಂದು ಹನಿ ಬೀಳುತ್ತಿದೆ. ಸದ್ಯಕ್ಕೆ ಕೆಳಗೆ ರಟ್ಟು ಹಾಸಿದ್ದೇನೆ.